ಯಾರೂ ಕೊಯ್ಯದ ಅಡಿಕೆ

ಹಸಿರಿನ ನಡುವೆ ಓಡಾಡಿದರೆ ನಮ್ಮ ಯಜಮಾನರ ಬಿಪಿ ಏರುತ್ತದೆ ಎಂದರೆ ಯಾವ ಡಾಕ್ಟರೂ ನಂಬುವುದಿಲ್ಲ. ಹಸಿರು ಮನಸ್ಸಿಗೆ ತಂಪು ಎಂದೇ ಅವರು ಓದಿಕೊಂಡು ಬಂದಿರುತ್ತಾರೆ. ತ್ಯಾವಣಿಗೆಯಲ್ಲಿ ಅಡಿಕೆ ತೋಟ ಇಟ್ಟುಕೊಂಡವರ ಮನೆಗೆ ಬಂದು ಒಂದು ವಾರ ಇರಲಿ, ಆಮೇಲೆ ಮಾತಾಡಲಿ.

ನಾನು ಕಸ್ತೂರಮ್ಮ. ಯಜಮಾನರ ಹೆಸರು ಮುರುಗೇಶಪ್ಪ. ಗಂಡನ ಹೆಸರು ಹೇಳಬಾರದು ಅನ್ನುವ ಕಾಲದವಳೇ ನಾನು, ಆದರೆ ಆಸ್ಪತ್ರೆಯ ಕಿಟಕಿಗಳ ಮುಂದೆ ನಿಂತೂ ನಿಂತೂ ಆ ನಾಚಿಕೆ ಹೊರಟುಹೋಯಿತು. ಇವರ ಎಡಗಣ್ಣು ಹರೆಯದಲ್ಲೇ ಹೋಗಿದೆ. ಮೇಲಿಂದ ಬಿದ್ದ ಅಡಿಕೆ ಸೋಗೆ ನೆಟ್ಟಗೆ ಕಣ್ಣಿಗೇ ಬಡಿದಿತ್ತು. ಉಳಿದದ್ದು ಬಲಗಣ್ಣು. ಅದಕ್ಕೆ ಈಗ ಪೊರೆ ಬಂದು, ಎದುರಿಗೆ ನಿಂತವರು ಗಂಡಸೋ ಹೆಂಗಸೋ ಅನ್ನುವುದು ಮಾತಾಡಿಸಿದ ಮೇಲೆ ಗೊತ್ತಾಗುವ ಹಾಗಾಗಿತ್ತು.

ಪೊರೆ ತೆಗೆಯುವುದು ಈಗಿನ ಕಾಲದಲ್ಲಿ ದೊಡ್ಡ ವಿಷಯವಲ್ಲ. ನಮ್ಮ ಬೀದಿಯಲ್ಲೇ ಎಷ್ಟೋ ಜನ ಬೆಳಿಗ್ಗೆ ಹೋಗಿ ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದಾರೆ. ಇವರದು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ದಾವಣಗೆರೆಗೆ ಹೋಗುವುದು, ಹಸಿರು ಗೌನು ಹಾಕಿಸಿಕೊಂಡು ಕೂರುವುದು, ಬಿಪಿ ನೋಡುವುದು, ವಾಪಸ್ ಕಳಿಸುವುದು. "ಇರೋದೇ ಒಂದು ಕಣ್ಣು ಯಜಮಾನ್ರೆ, ಇಷ್ಟು ಬಿಪಿ ಇಟ್ಕೊಂಡು ಕೈ ಹಾಕಾಕೆ ಆಗಲ್ಲ" ಎಂದರು ಡಾಕ್ಟರು. ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು. ಪೊರೆ ತೀರಾ ಬಲಿತರೆ ಕಣ್ಣೊಳಗೇ ಒತ್ತಡ ಏರಿ, ಆಮೇಲೆ ಆಪರೇಷನ್ ಮಾಡಿದರೂ ದೃಷ್ಟಿ ಬರದೇ ಹೋಗಬಹುದಂತೆ. ಬಸ್‌ಸ್ಟ್ಯಾಂಡಿನ ತನಕ ಇವರ ಕೈ ಗಟ್ಟಿಯಾಗಿ ಹಿಡಿದುಕೊಂಡೇ ಬಂದೆ.

ಮಾತ್ರೆ ಬದಲಿಸಿದರು. ಜೊತೆಗೆ, ದಿನಾ ಬೆಳಿಗ್ಗೆ ಮರಗಿಡ ಇರುವ ಕಡೆ ನಿಧಾನಕ್ಕೆ ನಡೆದಾಡಿ ಅಂದರು. ಅಷ್ಟೇ ತಾನೆ ಎಂದುಕೊಂಡೆವು. ಮನೆ ಹಿಂದೆ ಹೆಜ್ಜೆ ಇಟ್ಟರೆ ತೋಟ. ಮಗಳು ಪ್ರಮೀಳಾ ಹೊನ್ನಾಳಿಯಿಂದ ಒಂದು ಬಿಪಿ ಮಷೀನು ಕಳಿಸಿಕೊಟ್ಟಳು, ಗುಂಡಿ ಒತ್ತಿದರೆ ತಾನೇ ಉಬ್ಬಿ ತಾನೇ ಇಳಿಯುವಂಥದ್ದು.

ಮೊದಲನೇ ದಿನ ತೋಟ ಸುತ್ತಿ ಬಂದ ಮೇಲೆ ನೋಡಿದರೆ ಬಿಪಿ ಮೊದಲಿಗಿಂತ ಜಾಸ್ತಿ. ಮಷೀನೇ ಸರಿಯಿಲ್ಲ ಎಂದುಕೊಂಡು ನಮ್ಮ ಕೆಲಸದ ಗಿಡ್ಡಪ್ಪನ ತೋಳಿಗೆ ಕಟ್ಟಿದೆ. ಅವನದು ಸರಿಯಾಗಿಯೇ ಇತ್ತು. ಮಾರನೇ ದಿನವೂ ಅದೇ ಕಥೆ. ಏನಾಗುತ್ತದೆ ನೋಡೇಬಿಡೋಣ ಎಂದು ಮೂರನೇ ದಿನ ನಾನೇ ಇವರ ಹಿಂದೆ ಹೋದೆ.

ಅಡಿಕೆಯವರಿಗೆ ಮರ ಸಿಕ್ಕಿದರೆ ಸಾಕು, ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಗೊನೆ ಎಷ್ಟಿದೆ, ಎಳೆಗಾಯಿ ಹರಳು ಉದುರಿದೆಯಾ, ಕೊಳೆರೋಗ ಬಿದ್ದಿದೆಯಾ. ಇವರಿಗೆ ಮೇಲೆ ಏನೂ ಕಾಣದು, ಆದರೂ ಒಂದೊಂದು ಮರದ ಬುಡದಲ್ಲೂ ನಿಂತು ಕತ್ತೆತ್ತುತ್ತಿದ್ದರು. "ಗಿಡ್ಡಪ್ಪಾ, ಇದರ ಗೊನೆ ಹೆಂಗೈತೋ?" ಅನ್ನುವುದು. "ಚೆನ್ನಾಗೈತೆ ಗೌಡ್ರೆ" ಎಂದರೆ ನಂಬುವುದಿಲ್ಲ. "ಸುಳ್ಳು ಹೇಳ್ತಾನೆ ಬಡ್ಡಿಮಗ" ಎಂದು ಒಳಗೊಳಗೇ ಕುದಿಯುವುದು. ಕಂಡಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಕಾಣದ ಗೊನೆಗೆಲ್ಲ ಇವರೇ ರೋಗ ಬರಿಸಿಕೊಂಡು ಮನೆಗೆ ಬರುತ್ತಿದ್ದರು.

ಸರಿ, ತೋಟ ಬೇಡ ಎಂದು ಕಾರು ಮಾಡಿಕೊಂಡು ಸೂಳೆಕೆರೆಗೆ ಕರೆದುಕೊಂಡು ಹೋದೆ. ಅಷ್ಟು ದೊಡ್ಡ ನೀರು, ಏರಿ ಮೇಲೆ ಗಾಳಿ, ಯಾರಿಗಾದರೂ ಹಾಯೆನ್ನಿಸಬೇಕು. ಇವರು ಏರಿ ಹತ್ತಿದ್ದೇ, ದಾರಿಯಲ್ಲಿ ಬಂದ ಮೀನಿನವನನ್ನು ನಿಲ್ಲಿಸಿ, "ನೀರು ಎಲ್ಲಿಗೈತಪ್ಪಾ? ಹೋದ ವರ್ಷಕ್ಕಿಂತ ಕಮ್ಮಿನಾ?" ಎಂದು ಶುರು ಮಾಡಿದರು. ಅವನು ಪಾಪ, ಕಮ್ಮಿ ಅಂದುಬಿಟ್ಟ. ನಮ್ಮ ತೋಟಕ್ಕೂ ಆ ಕೆರೆಗೂ ಸಂಬಂಧವೇ ಇಲ್ಲ, ನಮ್ಮದು ಭದ್ರಾ ನಾಲೆ. ಆದರೂ ವಾಪಸ್ ಬರುವ ತನಕ ಮುಖ ಗಂಟು. ಅವತ್ತು ಮಷೀನು ತೋರಿಸಿದ್ದು ನೋಡಿ ನನಗೇ ಕುತ್ತಿಗೆಯ ಹಿಂದೆ ಹಿಡಿದುಕೊಂಡಂತಾಯಿತು. ಆ ನೋವು ನನಗೆ ಆಗಾಗ ಬರುತ್ತಿತ್ತು. ಇಂಥವರ ಜೊತೆ ಬಾಳುವೆ ಮಾಡಿದರೆ ಬರದೇ ಇನ್ನೇನಾಗುತ್ತದೆ ಎಂದು ಅಮೃತಾಂಜನ ಹಚ್ಚಿಕೊಂಡು ಮಲಗಿದೆ.

ಪ್ರಮೀಳಾ ಬಂದು ಜಗಳವಾಡಿ ನಮ್ಮಿಬ್ಬರನ್ನೂ ಹೊನ್ನಾಳಿಗೆ ಎಳೆದುಕೊಂಡು ಹೋದಳು. ತೋಟದ ಸುದ್ದಿ ಹೇಳಬಾರದೆಂದು ಗಿಡ್ಡಪ್ಪನಿಗೆ ಕಟ್ಟುನಿಟ್ಟು ಮಾಡಿದಳು. ಹೊನ್ನಾಳಿಯಿಂದ ನ್ಯಾಮತಿ ಕಡೆ ಹೋಗುವ ದಾರಿಯಲ್ಲಿ, ಊರು ದಾಟಿದ ಮೇಲೆ, ಒಂದು ಸಸ್ಯೋದ್ಯಾನ ಇದೆ. ನಾನು ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ, ಅದರ ಗೇಟು ನೋಡಿ ಯಾವುದೋ ಆಫೀಸು ಎಂದುಕೊಂಡಿದ್ದೆ. "ಮರ ನೋಡಾಕೆ ಟಿಕೆಟ್ ಬೇರೆ ತಗೋಬೇಕಾ?" ಎಂದು ಇವರು ಗೇಟಿನಲ್ಲೇ ತಕರಾರು ತೆಗೆದರು.

ಒಳಗೆ ಬಿಟ್ಟವನು ಗಾದ್ರಪ್ಪ, ಉದ್ಯಾನ ನೋಡಿಕೊಳ್ಳುವವನು. ಜಗಳೂರು ಕಡೆ ಸೊಕ್ಕೆಯವನಂತೆ. "ನಮ್ಮ ಕಡೆ ಬೇವು, ಜಾಲಿ ಬಿಟ್ರೆ ಏನೈತೆ ಯಜಮಾನ್ರೆ. ಇಲ್ಲಿಗೆ ಬಂದ ಹೊಸದರಾಗೆ ನಂಗೆ ನಿದ್ದೇನೇ ಬರ್ತಿರ್ಲಿಲ್ಲ, ಎಲೆ ಸದ್ದಿಗೆ" ಎಂದ. ಆಮೇಲೆ ತನ್ನ ಪಾಡಿಗೆ ಪೈಪು ಎಳೆದುಕೊಂಡು ಹೋದ.

ಇವರ ಕೈ ಹಿಡಿದುಕೊಂಡು ನಡೆದೆ. ಗೇಟಿಗೆ ಒಂದು ಹೊಸ್ತಿಲು, ಬಲಗಾಲು ಎತ್ತಿಡಬೇಕು. ಮೊದಲು ಹೊಂಗೆ. ಆಮೇಲೆ ನಾಗಲಿಂಗದ ಮರ, ಅದರ ಕಾಯಿ ತಲೆ ಮೇಲೆ ಬಿದ್ದರೆ ಕಥೆ ಮುಗಿಯಿತು, ಬಗ್ಗಿಕೊಂಡು ಹೋಗಬೇಕು. ಅಲ್ಲಿಂದ ಬಿದಿರು ಮೆಳೆ, ಗಾಳಿ ಬಂದರೆ ಹಳೇ ಬಾಗಿಲಿನಂತೆ ಕಿರ್ ಅನ್ನುತ್ತದೆ. ಬಿದಿರು ದಾಟಿದರೆ ಆಕಾಶಮಲ್ಲಿಗೆ, ಅದರ ಕೆಳಗೆ ಒಂದು ಕಲ್ಲುಬೆಂಚು. ಬೆಂಚಿನ ತುಂಬ ಬಿಳೀ ಹೂವು ಉದುರಿರುತ್ತಿತ್ತು, ಸೆರಗಿನಿಂದ ಸರಿಸಿ ಕೂರಬೇಕು.

ದಾರಿಯುದ್ದಕ್ಕೂ ನಾನು ಮಾತಾಡುತ್ತಿದ್ದೆ. ಬೋರ್ಡಿನಲ್ಲಿದ್ದ ಹೆಸರು ಓದುವುದು, ನಡುವೆ ನನ್ನ ತಮ್ಮನ ಹೆಂಡತಿಯನ್ನು ಬೈಯುವುದು, ಮತ್ತೆ ಹೆಸರು ಓದುವುದು. ಇವರು ಹೊಂಗೆಯ ಬುಡದಲ್ಲಿ ಅಭ್ಯಾಸಬಲದಿಂದ ಕತ್ತೆತ್ತಿದರು. ಕೇಳುವುದಕ್ಕೆ ಏನೂ ತೋಚಲಿಲ್ಲ. ಹೊಂಗೆಯಲ್ಲಿ ಏನು ಗೊನೆ ಕೇಳುತ್ತಾರೆ? ಕತ್ತು ಇಳಿಸಿ ಸುಮ್ಮನೆ ಬಂದರು. ಬೆಂಚಿನ ಮೇಲೆ ಕೂತಾಗ ಮಷೀನು ಕಟ್ಟಿದೆ. ಕಡಿಮೆ ಇತ್ತು. ನಂಬದೆ ಮತ್ತೊಮ್ಮೆ ಕಟ್ಟಿದೆ. ಇನ್ನೂ ಸ್ವಲ್ಪ ಕಡಿಮೆ ಇತ್ತು.

ನನಗೆ ಅದೊಂದು ಗುಂಗೇ ಹಿಡಿಯಿತು. ತನ್ನ ಮರ ಏರಿಸುತ್ತದೆ, ಊರವರ ಮರ ಇಳಿಸುತ್ತದೆ, ಇದೆಂಥ ಲೆಕ್ಕ? ದಿನಾ ಮಷೀನನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗತೊಡಗಿದೆ. ಪರೀಕ್ಷೆಗೆ ಓದಲು ಬಂದ ಹುಡುಗಿಯ ತೋಳಿಗೆ ಕಟ್ಟಿದೆ, ಹೊಸದಾಗಿ ಮದುವೆಯಾಗಿ ಫೋಟೋ ತೆಗೆಸಿಕೊಳ್ಳಲು ಬಂದ ಜೋಡಿಗೆ ಕಟ್ಟಿದೆ. ಬರುವಾಗ ಒಂದು ಸಲ, ಹೋಗುವಾಗ ಒಂದು ಸಲ. ಬಹಳ ಜನಕ್ಕೆ ಹೋಗುವಾಗ ಇಳಿದಿರುತ್ತಿತ್ತು. ಕೆಲವರಿಗೆ ಏನೂ ಆಗುತ್ತಿರಲಿಲ್ಲ. ಮದುಮಗನಿಗೆ ಏರಿತ್ತು, ಅದಕ್ಕೆ ಮರ ಕಾರಣವಲ್ಲ ಬಿಡಿ. ಗಾದ್ರಪ್ಪನನ್ನು ಕೇಳಿದರೆ, "ಮಷೀನು ಗೊತ್ತಿಲ್ಲಕ್ಕಾ. ಬರೋವಾಗ ಬಿರಬಿರ ಬರ್ತಾರೆ, ಹೋಗೋವಾಗ ಗೇಟಿನ ತಾವ ನಿಂತು ಚಪ್ಪಲಿ ಕೊಡವ್ತಾರೆ. ಅಷ್ಟು ನಾನು ನೋಡೀನಿ" ಅಂದ.

"ಅವ್ವಾ, ಊರವರಿಗೆಲ್ಲ ಕಟ್ತೀಯ, ನಿಂದೂ ಒಂದ್ಸಲ ನೋಡ್ಕೋಬಾರದಾ" ಎಂದಳು ಪ್ರಮೀಳಾ. "ನನಗೇನು ಧಾಡಿ, ಗುಂಡುಕಲ್ಲು ಇದ್ದಂಗಿದೀನಿ" ಎಂದೆ.

ಇವರದೂ ಒಂದು ಹೊಸ ಚಾಳಿ ಶುರುವಾಯಿತು. ಬೆಳಗಾಗುವುದೇ ತಡ, "ಹೊರಡು, ಹೊರಡು" ಎಂದು ಬೆನ್ನು ಹತ್ತುವುದು. ನನ್ನ ಚಹಾ ಬಾಯಿಗೆ ಬಿದ್ದಿರುವುದಿಲ್ಲ, ಇವರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಅಲ್ಲಿಗೆ ಹೋದರೆ ಬೆಂಚು ಬಿಟ್ಟು ಏಳುವುದಿಲ್ಲ. ಏಳಿ ಎಂದರೆ, "ಕಾಲು ನೋಯ್ತಾವೆ, ಇನ್ನೊಂದು ಗಳಿಗೆ ಇರು" ಅನ್ನುವುದು. ಮನೆಯಲ್ಲಿ ಅಂಗಳದ ತುಂಬ ತಿರುಗುವ ಕಾಲಿಗೆ ಅಲ್ಲಿ ಮಾತ್ರ ಏನು ನೋವು ಎಂದು ನನಗೆ ರೇಗುತ್ತಿತ್ತು.

ಹೀಗೆ ಎಲ್ಲ ಸರಿಹೋಯಿತು ಅನ್ನುವಾಗಲೇ ಎಡವಟ್ಟಾಯಿತು. ಒಂದು ದಿನ ನಾನು ನೀರು ಕುಡಿದು ಬರುವಷ್ಟರಲ್ಲಿ ಇವರು ಬೆಂಚಿನ ಹಿಂದೆ ತಡಕಾಡುತ್ತಾ ಹೋಗಿ ಒಂದು ಮರ ತಬ್ಬಿಕೊಂಡು ನಿಂತಿದ್ದರು. "ಏ ಕಸ್ತೂರಿ, ಇದು ಅಡಿಕೆ ಕಣೇ" ಎಂದರು. ಓಡಿ ಹೋಗಿ ನೋಡಿದೆ. ನಿಜಕ್ಕೂ ಅಡಿಕೆ. ಬೋರ್ಡೂ ಇತ್ತು, ನಾನು ಬೇಕೆಂದೇ ಅಷ್ಟು ದಿನ ಓದಿರಲಿಲ್ಲ. ಇವರ ಕತ್ತು ಮೇಲಕ್ಕೆ ಹೋಯಿತು. "ಗೊನೆ ಹೆಂಗಾವೆ ನೋಡು. ಬುಡ ಒಣಗೈತಲ್ಲ, ಯಾವ ಕತ್ತೆ ನೋಡ್ಕೊಳ್ತಾನೆ ಇದನ್ನ?"

ಮಾರನೇ ದಿನದಿಂದ ಇವರು ಆಕಾಶಮಲ್ಲಿಗೆ ಬಿಟ್ಟು ಸೀದಾ ಅಲ್ಲಿಗೇ. ಗಾದ್ರಪ್ಪನನ್ನು ಕೂಗಿ ಪಾತಿ ಮಾಡಿಸಿದರು. ಪ್ರಮೀಳಾಳ ಪಕ್ಕದ ಮನೆಯವರ ಕೊಟ್ಟಿಗೆ ಗೊಬ್ಬರವನ್ನು ಚೀಲಕ್ಕೆ ತುಂಬಿಸಿ, ಆಟೋದಲ್ಲಿ ನನ್ನ ಕಾಲ ಬಳಿ ಇಡಿಸಿದರು. ರೇಷ್ಮೆ ಸೀರೆ ಅಲ್ಲದಿದ್ದರೂ ಒಳ್ಳೆಯ ಸೀರೆ ಉಟ್ಟಿದ್ದೆ. ಸರ್ಕಾರದ ಮರಕ್ಕೆ ಸ್ವಂತ ಗೊಬ್ಬರ ಹೊತ್ತುಕೊಂಡು ಹೋಗುವ ಬುದ್ಧಿ ಅಡಿಕೆಯವರಿಗಲ್ಲದೆ ಇನ್ಯಾರಿಗೆ ಬರುತ್ತದೆ? ನನಗೆ ಮೈಯೆಲ್ಲ ಉರಿದುಹೋಯಿತು. ಮಷೀನು ಕಟ್ಟಿದರೆ ತ್ಯಾವಣಿಗೆಯಲ್ಲಿ ಇದ್ದಷ್ಟೇ ಬಿಪಿ. ಆಪರೇಷನ್ನಿನ ದಿನ ಹತ್ತಿರ ಬರುತ್ತಿತ್ತು.

"ಗಾದ್ರಪ್ಪಾ, ಹಿಂಗೇ ಆದ್ರೆ ಇವರ ಕಣ್ಣು ಹೋಗ್ತದಪ್ಪಾ" ಎಂದೆ. ಹೇಳುವಾಗ ಅಳು ಬಂದುಬಿಟ್ಟಿತು. ಅವನು ಇವರ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

"ಯಜಮಾನ್ರೆ, ಈ ಮರದ ಕಾಯಿ ಯಾರೂ ಕೊಯ್ಯಲ್ಲ."

"ಕೊಯ್ಯಲ್ಲ ಅಂದ್ರೆ?"

"ಕೊಯ್ಯಲ್ಲ ಅಷ್ಟೇ. ಹಣ್ಣಾಗಿ ಬೀಳ್ತಾವೆ. ಬಾವಲಿ ತಿಂತಾವೆ. ಮಿಕ್ಕಿದ್ದು ಅಲ್ಲೇ ಮೊಳಕೆ ಬರ್ತಾವೆ."

ಇವರ ಮುಖ ನೋಡಬೇಕಿತ್ತು. ಯಾರೋ ಸತ್ತ ಸುದ್ದಿ ಹೇಳಿದರೂ ಅಷ್ಟು ಬೆಚ್ಚುತ್ತಿರಲಿಲ್ಲ. "ಕೊಯ್ಯದಿದ್ದ ಮೇಲೆ ಇದು ಯಾಕೈತೆ?" ಎಂದು ಕೇಳಿದರು.

"ನೋಡಾಕೆ" ಎಂದ ಗಾದ್ರಪ್ಪ. ಅಂದ ಮೇಲೆ ಅವನಿಗೇ ಕಸಿವಿಸಿಯಾಗಿ, ಇವರ ಕಣ್ಣಿನ ಕಡೆ ನೋಡಿ, ತಲೆ ತಗ್ಗಿಸಿದ.

ಇವರು ಆ ಮರದ ಬುಡದಲ್ಲಿ ಬಹಳ ಹೊತ್ತು ಕೂತರು. ಬರಿ ಅಂಗೈಯಿಂದ ಅದರ ಗೆಣ್ಣು ಸವರಿ ಸವರಿ ನೋಡಿದರು. ಆಟೋದಲ್ಲಿ ಬರುವಾಗ, "ಕೊಯ್ಯಲ್ವಂತೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಸಣ್ಣಗೆ ನಕ್ಕರು. ಮಾರನೇ ದಿನ ಗೊಬ್ಬರದ ಚೀಲ ಕೇಳಲಿಲ್ಲ. ಬೆಂಚಿಗೇ ಬಂದು ಕೂತರು. ಅಡಿಕೆ ಮರ ಹಿಂದೆಯೇ ಇತ್ತು, ಇವರು ಕತ್ತೆತ್ತಲಿಲ್ಲ. ನನಗೆ ಅವತ್ತು ಸ್ವಲ್ಪ ಅರ್ಥವಾಯಿತು. ನಮ್ಮ ತೋಟದಲ್ಲಿ ಒಂದೊಂದು ಮರವೂ ಇವರನ್ನು ಏನಾದರೂ ಕೇಳುತ್ತದೆ, ನೀರು ಕೊಟ್ಟೆಯಾ, ಔಷಧಿ ಹೊಡೆದೆಯಾ ಅಂತ. ಇಲ್ಲಿಯವು ಏನನ್ನೂ ಕೇಳುವುದಿಲ್ಲ.

ಆಪರೇಷನ್ನಿನ ದಿನ ಬಂತು. ಮನೆ ಬಿಡುವಾಗ ಬಿಪಿ ಚೆನ್ನಾಗಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದಿದ್ದೇ ಏರಿಬಿಟ್ಟಿತು. ನರ್ಸು ಅಕ್ಷಿತಾ ಎಂಬ ಹುಡುಗಿ ಮೀಟರು ನೋಡಿ ಮುಖ ಸಣ್ಣಗೆ ಮಾಡಿದಳು. "ಅಜ್ಜಾ, ಇನ್ನೊಂದು ಪೇಷೆಂಟ್ ಮುಗಿಯೋ ತನಕ ನೋಡ್ತೀನಿ. ಇಳೀಲಿಲ್ಲ ಅಂದ್ರೆ ಮತ್ತೆ ಮುಂದಿನ ತಿಂಗಳು ಅಂತಾರೆ ಡಾಕ್ಟ್ರು."

ಮುಂದಿನ ತಿಂಗಳ ತನಕ ಆ ಕಣ್ಣು ಇರುತ್ತದೋ ಇಲ್ಲವೋ. ಪ್ರಮೀಳಾ ಔಷಧಿ ತರಲು ಕೆಳಗೆ ಹೋಗಿದ್ದಳು. ಇವರ ಕೈ ತಣ್ಣಗಾಗಿತ್ತು. ಏನು ಮಾಡಲೂ ತೋಚದೆ ಆ ಕೈ ಹಿಡಿದುಕೊಂಡು ಹೇಳಿದೆ. "ರೀ, ಕಣ್ಣು ಮುಚ್ಚಿಕೊಳ್ರಿ. ಗೇಟು ಬಂತು. ಬಲಗಾಲು ಎತ್ತಿಡ್ರಿ, ಹೊಸ್ತಿಲು ಐತೆ."

ಇವರು ಕುರ್ಚಿಯಲ್ಲಿ ಕೂತೇ ಬಲಗಾಲು ಸ್ವಲ್ಪ ಎತ್ತಿದರು. ನಾನು ನಡೆಸಿಕೊಂಡು ಹೋದೆ. ಹೊಂಗೆ. ನಾಗಲಿಂಗ, ಬಗ್ಗಿ. ಬಿದಿರು. ಹೂವು ಸರಿಸಿದೆ, ಕೂತ್ಕೊಳ್ಳಿ. ಹಿಂದೆ ಆ ಅಡಿಕೆ ಮರ ಐತೆ, ಅದನ್ನ ಯಾರೂ ಕೊಯ್ಯಲ್ಲ. ಅಕ್ಷಿತಾ ಬಂದು ಮಾತಾಡದೆ ತೋಳಿಗೆ ಪಟ್ಟಿ ಸುತ್ತಿದಳು. ನೋಡಿದಳು. "ಬರ್ರಿ ಅಜ್ಜಾ" ಎಂದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.

ಬಾಗಿಲು ಮುಚ್ಚಿತು. ನನ್ನ ಕೈ ಖಾಲಿಯಾಯಿತು. ಕುತ್ತಿಗೆಯ ಹಿಂದೆ ಹಿಡಿದುಕೊಂಡಿತು, ಮೊದಲಿನಂತಲ್ಲ, ಯಾರೋ ಹಗ್ಗ ಹಾಕಿ ಬಿಗಿದ ಹಾಗೆ. ಎದುರಿನ ಗೋಡೆ ಒಂದು ಕಡೆಗೆ ವಾಲಿತು. ಆಮೇಲೆ ನನಗೆ ಗೊತ್ತಾದದ್ದು, ನಾನು ಮಂಚದ ಮೇಲೆ ಮಲಗಿದ್ದೇನೆ, ಅಕ್ಷಿತಾ ನನ್ನ ತೋಳಿಗೆ ಪಟ್ಟಿ ಸುತ್ತಿದ್ದಾಳೆ, ಪ್ರಮೀಳಾ ಕಾಲ ಬಳಿ ನಿಂತು ಅಳುತ್ತಿದ್ದಾಳೆ.

"ಅಜ್ಜಿ, ಇಷ್ಟು ಬಿಪಿ ಯಾವಾಗಿಂದ ಐತೆ? ಅಜ್ಜನಿಗಿಂತ ನಿಮ್ದೇ ಜಾಸ್ತಿ ಐತಲ್ರಿ."

ಅಜ್ಜಿ ಎಂದಿದ್ದಕ್ಕೆ ಬೇರೆ ದಿನವಾಗಿದ್ದರೆ ನಾನೂ ಒಂದು ಮಾತು ಅನ್ನುತ್ತಿದ್ದೆ. ಅವತ್ತು ನಾಲಿಗೆ ಏಳಲಿಲ್ಲ. ಡಾಕ್ಟರು ಬಂದು ನೋಡಿ ಮಾತ್ರೆ ಕೊಟ್ಟರು. ಅಲ್ಲಾಡಬಾರದು, ಮಾತಾಡಬಾರದು, ಇಳಿಯದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತದೆ ಎಂದು ಪ್ರಮೀಳಾಳಿಗೆ ಹೇಳಿದ್ದು ನನಗೂ ಕೇಳಿಸಿತು. ಸೂರು ನೋಡುತ್ತಾ ಮಲಗಿದೆ. ಭಯವಾಯಿತು. ಸಾಯುವ ಭಯ ಅಲ್ಲ, ನಾನು ಹೋದರೆ ಇವರ ಕೈ ಹಿಡಿಯುವವರು ಯಾರು ಅನ್ನುವ ಭಯ.

ಸ್ವಲ್ಪ ಹೊತ್ತಿಗೆ ಇವರನ್ನು ಹೊರಗೆ ಕರೆತಂದರು. ಇದ್ದೊಂದು ಕಣ್ಣಿಗೂ ಪಟ್ಟಿ. ಆಪರೇಷನ್ ಚೆನ್ನಾಗಾಗಿದೆಯಂತೆ, ನಾಳೆ ಪಟ್ಟಿ ಬಿಚ್ಚುತ್ತಾರಂತೆ. ನಾನು ಮಲಗಿದ ವಿಷಯ ಪ್ರಮೀಳಾ ಹೇಳಿರಬೇಕು. ಗಾಳಿಯಲ್ಲಿ ಕೈಯಾಡಿಸುತ್ತಾ ಬಂದು, ಮಂಚದ ಕಬ್ಬಿಣ ಹಿಡಿದುಕೊಂಡು, ಸ್ಟೂಲಿನ ಮೇಲೆ ಕೂತರು. ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಕಸ್ತೂರಿ, ಗೇಟು ಬಂತು" ಎಂದರು. "ಬಲಗಾಲು ಎತ್ತಿಡು."

ಹೊದಿಕೆಯೊಳಗೆ ನಾನು ಬಲಗಾಲಿನ ಬೆರಳು ಸ್ವಲ್ಪ ಎತ್ತಿದೆ.

"ಹೊಂಗೆ ಮರ. ಇಲ್ಲಿ ನೀನು ನಿನ್ನ ತಮ್ಮನ ಹೆಂಡ್ತೀನ ಬೈತೀಯ. ಬೈಯೋದಾದ್ರೆ ಬೈದುಬಿಡು, ನಿಲ್ತೀನಿ." ನಿಜವಾಗಿಯೂ ಮಾತು ನಿಲ್ಲಿಸಿ ಕಾದರು. "ನಾಗಲಿಂಗ ಬಂತು, ತಲೆ ಬಗ್ಗಿಸು. ಇಲ್ಲಿ ಗಿಡ್ಡಪ್ಪನ್ನ ಬೈತೀಯ. ಬಿದಿರಿನ ತಾವ ನನ್ನ ಬೈತೀಯ. ಆದ್ರೂ ಅಷ್ಟರಾಗೆ ದನಿ ಸಣ್ಣಗಾಗಿರ್ತದೆ. ಬಿದಿರು ಕಿರ್ ಅಂತು ನೋಡು."

ನನ್ನ ಕಣ್ಣಿಂದ ನೀರು ಕಿವಿಗೆ ಇಳಿಯಿತು.

"ಆಕಾಶಮಲ್ಲಿಗೆ. ಹೂವು ಸರಿಸ್ತೀನಿ ತಡಿ. ಕೂತ್ಕೋ. ಇಲ್ಲಿ ನೀನು ಮಾತಾಡಲ್ಲ. ಮೊದಲನೇ ದಿನ ನಾನು ಹೆದ್ರಿಕೊಂಡೆ, ಇವಳಿಗೇನೋ ಆಯ್ತು ಅಂತ. ಕಣ್ಣು ಕಾಣಲ್ವಲ್ಲ, ಉಸಿರು ಕೇಳ್ತಾ ಕೂತೆ. ಮದುವೆ ಆಗಿ ಇಷ್ಟು ವರ್ಷದಾಗೆ ನೀನು ಅಷ್ಟು ಸುಮ್ನೆ ಕೂತಿದ್ದೇ ಇಲ್ಲ, ಉಸಿರು ಅಷ್ಟು ನಿಧಾನ ಆಡಿದ್ದೇ ಇಲ್ಲ. ಅದಕ್ಕೇ ದಿನಾ ಹೊರಡು ಹೊರಡು ಅಂತಿದ್ದೆ. ನೀನು ಏಳಿ ಅಂದ್ರೂ ನಾನು ಏಳ್ತಿರ್ಲಿಲ್ಲ. ನನ್ನ ಕಾಲಿಗೆ ಯಾವ ನೋವೂ ಇರ್ಲಿಲ್ಲ ಕಣೇ."

ಅಕ್ಷಿತಾ ಬಿಪಿ ಪಟ್ಟಿ ಹಿಡಿದು ಬಂದಳು. ಹೆಜ್ಜೆ ಸದ್ದಿಗೆ ಇವರು ಆ ಕಡೆ ತಿರುಗಿ, ಕೈ ಅಡ್ಡ ಮಾಡಿದರು.

"ಒಂದು ಗಳಿಗೆ ಇರವ್ವಾ" ಎಂದರು. "ಈಗಷ್ಟೇ ಕೂತಿದೀವಿ."